ನಾನು ಆರಿಸಿದ ಡ್ರಿಲ್ಲಿಂಗ್ ಮಿಷನ್ನು

ನನಗೆ ಬುದ್ಧಿ ಸ್ವಲ್ಪ ಜಾಸ್ತಿ. ಇದು ನಾನು ಹೇಳಿಕೊಳ್ಳುವ ಮಾತಲ್ಲ, ಗುಬ್ಬಿಯಲ್ಲಿ ನಮ್ಮವ್ವ ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಊರಿಗೆಲ್ಲ ಹೇಳಿಕೊಂಡು ಬಂದದ್ದು. ಸಂತೆಯಲ್ಲಿ ಬದನೆಕಾಯಿ ಮಾರುವವಳು ತಾನಾಗಿ ಎರಡು ಕಾಯಿ ಕೊಸರು ಹಾಕಿದರೆ, ಯಾಕೆ ಹಾಕಿದಳು ಎಂದು ನಿಂತು ಯೋಚಿಸುವ ಮನುಷ್ಯ ನಾನು. ಒಳಗೆ ಹುಳ ಇದ್ದೇ ಇರಬೇಕು ಎಂದು ಆ ಎರಡನ್ನೂ ವಾಪಸು ಕೊಟ್ಟು ಬರುತ್ತಿದ್ದೆ. ಇಷ್ಟೆಲ್ಲ ಬುದ್ಧಿ ಇಟ್ಟುಕೊಂಡು ತುಮಕೂರಿನ ವೈರಿಂಗ್ ಕಂಟ್ರಾಕ್ಟರ್ ಕೆಂಪಯ್ಯನವರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಬಟವಾಡಿಯಲ್ಲಿ ಅವರ ಆಫೀಸು. ವೆಂಕಟರಂಗಯ್ಯ ಇದ್ದರೆ ಕೆಲಸದಲ್ಲಿ ಮೋಸ ನಡೆಯುವುದಿಲ್ಲ ಎಂದು ಅವರು ನಾಲ್ಕು ಜನರ ಎದುರು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.

ಎಂಬತ್ತಮೂರನೇ ಇಸವಿಯ ಬೇಸಿಗೆ. ಕುಣಿಗಲ್ಲಿನಲ್ಲಿ ಒಂದು ಸಮುದಾಯ ಭವನ ಎದ್ದು ನಿಂತಿತ್ತು, ವೈರಿಂಗ್ ನಮ್ಮದು. ಹದಿನಾರು ಫ್ಯಾನುಗಳು ದಾನವಾಗಿ ಬಂದಿದ್ದವು. ದಾನ ಎಂದ ಮೇಲೆ ಕೇಳಬೇಕೆ, ಒಂದೊಂದು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಅವರ ತಂದೆಯ ಹೆಸರು, ಊರು. ಫ್ಯಾನು ತಿರುಗಿದರೆ ಒಂದಕ್ಷರವೂ ಕಾಣುವುದಿಲ್ಲ ಎಂಬುದು ಆ ಮಹನೀಯರಿಗೆ ಇನ್ನೂ ಹೊಳೆದಿರಲಿಲ್ಲ. ಹೋಗಲಿ, ಫ್ಯಾನು ತೂಗುಹಾಕುವುದಕ್ಕೆ ತಾರಸಿಯಲ್ಲಿ ಕೊಕ್ಕೆಯೇ ಇರಲಿಲ್ಲ.

ಕೊಕ್ಕೆ ತಂದಿರಲಿಲ್ಲ ಎಂದಲ್ಲ. ಹದಿನಾರು ಕೊಕ್ಕೆ ಗೋಣಿಚೀಲದಲ್ಲಿ ಭದ್ರವಾಗಿದ್ದವು. ಮೋಲ್ಡ್ ಹಾಕುವ ದಿನ ಅವನ್ನು ಕಂಬಿಗೆ ಸಿಕ್ಕಿಸಿ ಆಮೇಲೆ ಕಾಂಕ್ರೀಟು ಸುರಿಯಬೇಕು. ಆದರೆ ನಮ್ಮ ಕಡೆ ಮೋಲ್ಡಿನ ದಿನ ಅಂದರೆ ಮದುವೆ ಮನೆ ಇದ್ದ ಹಾಗೆ. ಕುರಿ ಕಡಿದು, ಮುದ್ದೆ ಸಾರು ಮಾಡಿ, ಆಳುಗಳಿಗೆಲ್ಲ ಊಟ ಹಾಕಬೇಕು. ಮೊದಲ ಪಂಕ್ತಿಯಲ್ಲಿ ಯಾರು ಕೂರಬೇಕು ಎಂದು ಭವನದ ಕಮಿಟಿಯವರು ಜಗಳಕ್ಕೆ ಬಿದ್ದರು. ಜಗಳ ಬಿಡಿಸಲು ಮೇಸ್ತ್ರಿ ಕೆಳಗಿಳಿದ. ಆಳುಗಳು ಮುದ್ದೆ ಆರಿಹೋಗುತ್ತದೆ ಎಂಬ ಅವಸರದಲ್ಲಿ ಕಾಂಕ್ರೀಟು ಸುರಿದು ಮುಗಿಸಿದರು. ಸಂಜೆ ಎಲೆ ಎತ್ತುವಾಗ ನೋಡಿದರೆ ಕೊಕ್ಕೆಯ ಚೀಲದ ಮೇಲೆ ಅಡುಗೆಯವನು ಕೂತು ಬೀಡಿ ಸೇದುತ್ತಿದ್ದ.

ಇನ್ನು ಕೆಳಗಿನಿಂದ ತಾರಸಿಗೆ ತೂತು ಕೊರೆದು ಬೋಲ್ಟು ಕೂರಿಸುವುದೊಂದೇ ದಾರಿ. ಫ್ಯಾನಿಗೆ ಎರಡರಂತೆ ಮೂವತ್ತೆರಡು ತೂತು. ಭವನದಲ್ಲಿ ಗೊತ್ತಾಗಿದ್ದ ಮೊದಲನೆಯ ಮದುವೆಗೆ ಉಳಿದದ್ದು ಇಪ್ಪತ್ತು ದಿನ.

ಕಾಂಕ್ರೀಟಿನಲ್ಲಿ ತೂತು ಎಂದರೆ ಆ ಸೀಮೆಗೆಲ್ಲ ದಸ್ತಗೀರ್ ಸಾಬರು. ಕುಣಿಗಲ್ಲಿನವರೇ. ಇಪ್ಪತ್ತೆಂಟು ವರ್ಷದಿಂದ ಒಂದು ಉಳಿ, ಒಂದು ಸುತ್ತಿಗೆ ಹಿಡಿದು ಗೋಡೆ, ಕಂಬ, ತಾರಸಿ ಎನ್ನದೆ ಕೊರೆದುಕೊಂಡು ಬಂದವರು. ಉಳಿಯ ತಲೆಗೆ ಒಂದೇಟು, ಉಳಿಯನ್ನು ಒಂದು ಚೂರು ತಿರುಗಿಸುವುದು, ಮತ್ತೊಂದೇಟು. ಅವರು ಕೊರೆದ ತೂತಿಗೆ ಬೆರಳು ಹಾಕಿ ನೋಡಿದರೆ ಕೊಳವೆಯ ಒಳಮೈ ಇದ್ದ ಹಾಗೆ ಇರುತ್ತಿತ್ತು.

ಇದು ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿಲ್ಲದ ಮಾತು ಒಂದಿತ್ತು. ಸಾಬರ ಬಲಗೈ ಆಗಲೇ ಹೋಗಿತ್ತು. ಭುಜ ಎತ್ತಿದರೆ ಜೀವ ಹೋಗುವಷ್ಟು ನೋವು, ಬೆರಳುಗಳಿಗೆ ಬಿಸಿ ತಂಪು ಗೊತ್ತಾಗುತ್ತಿರಲಿಲ್ಲ. ಕೈ ಹೋಗಿದೆ ಎಂದು ಗೊತ್ತಾದರೆ ಯಾವ ಕಂಟ್ರಾಕ್ಟರು ಕರೆಯುತ್ತಾನೆ? ಹೆಂಡತಿ ರಹಿಮಾ ಬೀಗೆ ಬಿಟ್ಟು ಇನ್ನೊಬ್ಬರಿಗೆ ಅವರು ಬಾಯಿ ಬಿಟ್ಟಿರಲಿಲ್ಲ. ಕಾಂಕ್ರೀಟು ಕೊರೆಯುವ ಮಿಷನ್ನು ಬಂದು, ಅದನ್ನು ತಮ್ಮ ಕೈಗೆ ಕೊಟ್ಟರೆ ಇನ್ನು ಹತ್ತು ವರ್ಷ ದುಡಿಯಬಹುದು ಎಂಬುದೊಂದೇ ಅವರಿಗಿದ್ದ ಆಸೆ. ಇದನ್ನೆಲ್ಲ ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ. ನನಗೆ ಗೊತ್ತಾದದ್ದು ಆಮೇಲೆ.

ಕೆಂಪಯ್ಯನವರು ಹೇಳಿದರು: "ರಂಗಯ್ಯ, ಇಪ್ಪತ್ ದಿನದಲ್ಲಿ ತೂತು, ಫ್ಯಾನು, ಉಳಿದ ವೈರಿಂಗು ಎಲ್ಲ ಮುಗೀಬೇಕು, ಸುತ್ತಿಗೆ ಹಿಡ್ಕೊಂಡು ಆಗೋ ಕೆಲ್ಸ ಅಲ್ಲ ಕಣಯ್ಯ. ಡ್ರಿಲ್ಲಿಂಗ್ ಮಿಷನ್ ತಗೊಂಬಾ. ಸಾಬ್ರನ್ನ ಜೊತೇಲಿ ಕರ್ಕೊಂಡ್ ಹೋಗು, ಕಾಂಕ್ರೀಟ್ ವಿಷ್ಯ ಅವ್ರಿಗೆ ಗೊತ್ತು."

ಬೆಳಗ್ಗೆ ಏಳಕ್ಕೆ ಕುಣಿಗಲ್ಲಿನಲ್ಲಿ ತುಮಕೂರು ಬಸ್ಸು ಹತ್ತಿದೆವು. ಸಾಬರ ತೊಡೆಯ ಮೇಲೆ ಟವೆಲ್ಲಿನಲ್ಲಿ ಕಟ್ಟಿದ ಒಂದು ಗಂಟು ಇತ್ತು. ಬುತ್ತಿ ಇರಬೇಕು ಎಂದುಕೊಂಡೆ. ಬಸ್ಸು ಹೆಬ್ಬೂರಿನಲ್ಲಿ ನಿಂತಿತು. ಅಲ್ಲಿ ಹಾಲಿನ ಕ್ಯಾನು ಇಳಿಸುವಾಗ ಸಾಬರು ನನ್ನ ಕಡೆ ತಿರುಗಿ, "ಸ್ವಾಮಿ, ಮಿಷನ್ ಬಂದ್ರೆ ಅದನ್ನ ಯಾರು ಓಡಿಸ್ತಾರೆ?" ಎಂದರು.

"ನೋಡಾಣ ಬಿಡಿ ಸಾಬ್ರೆ" ಎಂದೆ.

ನೋಡಿ, ಅಲ್ಲಿಗೆ ನನ್ನ ಬುದ್ಧಿ ಎದ್ದು ಕೂತಿತು. ಈ ಮನುಷ್ಯನ ಅನ್ನವೇ ಸುತ್ತಿಗೆ ಏಟು. ಮಿಷನ್ನು ಬಂದರೆ ಆ ಅನ್ನಕ್ಕೆ ಕಲ್ಲು. ತನ್ನ ಅನ್ನಕ್ಕೆ ಮಣ್ಣು ಹಾಕುವಂಥ ಮಿಷನ್ನನ್ನು ಯಾವನಾದರೂ ಆರಿಸಿ ಕೊಡುತ್ತಾನೆಯೇ? ಕೆಲಸಕ್ಕೆ ಬಾರದ್ದನ್ನು ನಮ್ಮ ತಲೆಗೆ ಕಟ್ಟಿ, ನಾಳೆ ಅದು ಕೈಕೊಟ್ಟಾಗ ಸುತ್ತಿಗೆ ಹೆಗಲಿಗೇರಿಸಿಕೊಂಡು ಬರುವ ಯೋಚನೆ. ಆಹಾ ಮುದುಕಾ ಎಂದುಕೊಂಡೆ. ಈ ರಂಗಯ್ಯನ ಹತ್ತಿರವೇ ನಿನ್ನ ಕಿತಾಪತಿ? ಬಸ್ಸು ತುಮಕೂರು ತಲುಪುವಷ್ಟರಲ್ಲಿ ನನ್ನ ತೀರ್ಮಾನ ಆಗಿಹೋಗಿತ್ತು. ಸಾಬರು ಯಾವುದನ್ನು ಬೇಡ ಎನ್ನುತ್ತಾರೋ ಅದನ್ನು ಕೊಳ್ಳುವುದು. ಮಿಷನ್ನುಗಳ ಬಗ್ಗೆ ಏನೂ ಗೊತ್ತಿಲ್ಲದವನಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮಿಷನ್ನು ತಂದಿಟ್ಟರು. ಒಂದು ದೊಡ್ಡದು, ಹಸಿರು ಬಣ್ಣ, ಎತ್ತಿದರೆ ರಟ್ಟೆ ಜಗ್ಗಬೇಕು. ಅಂಗಡಿಯ ಯಜಮಾನರು ಅದನ್ನು ಮರದ ಹಲಗೆಗೆ ಇಟ್ಟು ಒತ್ತಿದರು. ಸದ್ದಿಲ್ಲ, ಗದ್ದಲವಿಲ್ಲ, ಹೊಟ್ಟು ಸುರುಳಿ ಸುರುಳಿಯಾಗಿ ಬಿತ್ತು. ನೋಡುವುದಕ್ಕೇ ಚಂದ. ಇನ್ನೊಂದು ಚಿಕ್ಕದು, ಬೂದು ಬಣ್ಣ, ಪಕ್ಕದಲ್ಲಿ ಒಂದು ಗುಬಟು. ಗುಬಟು ತಿರುಗಿಸಿ ಚಾಲೂ ಮಾಡಿದರೆ ಗಡಗಡ ಎಂದು ಒದರುತ್ತ ಕೈಯಲ್ಲೇ ಕುಣಿಯಿತು. ಯಾವುದೋ ಬೇರಿಂಗು ಹೋಗಿರಬೇಕು ಎಂದುಕೊಂಡೆ.

ಸಾಬರ ಮುಖ ಅರಳಿತು. "ಇದೇ ಸ್ವಾಮಿ, ಇದೇ! ಕೇಳಿ ಅದರ ಸದ್ದು. ಇದು ಬಡೀತಾನೂ ಐತೆ, ತಿರುಗ್ತಾನೂ ಐತೆ. ನಾನು ಕೈಯಾಗೆ ಮಾಡೋದೂ ಇದನ್ನೇ ಅಲ್ವರಾ? ಆ ದೊಡ್ಡದು ಬರೀ ತಿರುಗ್ತದೆ. ಅದು ಮರಕ್ಕೆ, ಕಬ್ಬಿಣಕ್ಕೆ. ಇಟ್ಟಿಗೆ ಗೋಡೆಗೂ ಹೆಂಗೋ ನಡೀತದೆ. ಕಾಂಕ್ರೀಟಿನಾಗೆ ಜಲ್ಲಿ ಇರ್ತದೆ ಸ್ವಾಮಿ, ಜಲ್ಲಿ ಬಡೀದೆ ಒಡೆಯಲ್ಲ."

ಇಷ್ಟು ಹೇಳಿ ಟವೆಲ್ಲಿನ ಗಂಟು ಬಿಚ್ಚಿದರು. ಒಳಗಿದ್ದದ್ದು ಬುತ್ತಿ ಅಲ್ಲ, ನಮ್ಮ ಭವನದ ಮೋಲ್ಡಿನ ಒಂದು ತುಂಡು ಕಾಂಕ್ರೀಟು. ಅಂಗಡಿಯ ಜಗಲಿಯ ಮೇಲೆ ಅದನ್ನಿಟ್ಟು, ಸಿಮೆಂಟಿಗೆ ಬರುವ ಬಿಟ್ಟನ್ನೇ, ಎಂದರೆ ಮೂತಿಗೆ ಸಿಕ್ಕಿಸುವ ಕೊರೆಯುವ ಕಡ್ಡಿಯನ್ನೇ, ಎರಡಕ್ಕೂ ಹಾಕಿಸಿದರು. ಚಿಕ್ಕದು ಗಡಗಡ ಎಂದು ಒಂದು ನಿಮಿಷದಲ್ಲಿ ಎರಡಂಗುಲ ಇಳಿಯಿತು. ದೊಡ್ಡದು ಒಂದು ಕಾಳಿನಷ್ಟು ಗುಳಿ ಮಾಡಿ, ಅಲ್ಲೇ ಸುತ್ತುತ್ತ ನಿಂತಿತು.

ಕಣ್ಣಾರೆ ಕಂಡೆ. ಆದರೆ ಕಣ್ಣು ಹೇಳಿದ್ದನ್ನೆಲ್ಲ ಕೇಳುವವನಾಗಿದ್ದರೆ ನಾನು ಸೂಪರ್‌ವೈಸರ್ ಆಗುತ್ತಿದ್ದೆನೆ? ಮನೆಯಿಂದಲೇ ಕಲ್ಲು ಕಟ್ಟಿಕೊಂಡು ಬಂದವರು! ಯಾವ ಕಡೆ ಮೆತ್ತಗಿದೆ, ಯಾವ ಕಡೆ ಜಲ್ಲಿ ಇದೆ ಎಂದು ರಾತ್ರಿಯೆಲ್ಲ ನೋಡಿಟ್ಟುಕೊಂಡೇ ತಂದಿರಬೇಕು. ಚಿಕ್ಕದನ್ನು ಮೆತ್ತಗಿರುವ ಕಡೆ ಇಟ್ಟರು, ದೊಡ್ಡದನ್ನು ಜಲ್ಲಿಯ ಮೇಲೆ ಇಟ್ಟರು. ಇಷ್ಟೂ ತಿಳಿಯದವನು ನಾನಲ್ಲ.

"ದೊಡ್ಡದನ್ನೇ ಕೊಡಿ" ಎಂದೆ.

ಅಂಗಡಿಯವರು ಒಮ್ಮೆ ಸಾಬರನ್ನು, ಒಮ್ಮೆ ನನ್ನನ್ನು ನೋಡಿ, "ಕಾಂಕ್ರೀಟಿಗೆ ಅಂದ್ರಿ..." ಎಂದು ರಾಗ ಎಳೆದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಬರು ನನ್ನ ತೋಳು ಹಿಡಿದುಕೊಂಡರು. ಅವರು ಎಂದೂ ಹಾಗೆ ಮುಟ್ಟಿದವರಲ್ಲ. "ಸ್ವಾಮಿ, ಕೈ ಮುಗೀತೀನಿ. ಅದು ಬ್ಯಾಡ. ನನ್ ಮಾತು ಒಂದ್ ಸಲ ಕೇಳಿ."

ಅವರು ಬೇಡಿಕೊಂಡಷ್ಟೂ ನನಗೆ ಧೈರ್ಯ ಹೆಚ್ಚಾಯಿತು. ಗುರಿಗೇ ತಾಗಿದೆ ಎಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಕಡಲೆಕಾಯಿ ಕೊಂಡು ಅವರಿಗೂ ಒಂದು ಹಿಡಿ ಕೊಟ್ಟೆ. ಎರಡೂ ಅಂಗೈ ಜೋಡಿಸಿ ಇಸಕೊಂಡರು, ತಿನ್ನಲಿಲ್ಲ.

ಮೊದಲನೆಯ ದಿನ ಸ್ವಿಚ್ ಬೋರ್ಡಿಗಾಗಿ ಇಟ್ಟಿಗೆ ಗೋಡೆಗೆ ತೂತು ಹಾಕಿದೆವು. ಹಸಿರು ಮಿಷನ್ನು ಸಲೀಸಾಗಿ ಒಳಗಿಳಿಯಿತು. ಕೆಂಪು ಪುಡಿ ಉದುರಿದ್ದು ನೋಡಿ ಎಲ್ಲರಿಗೂ ಕಾಫಿ ತರಿಸಿದೆ. ನೋಡಿದ್ರಾ ಸಾಬ್ರೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅವರ ಎದುರಿಗೆ ನಿಂತು ಕಾಫಿ ಹೀರಿದೆ.

ಎರಡನೆಯ ದಿನ ತಾರಸಿಗೆ ಹೋದೆವು. ನಮ್ಮ ವೈರ್‌ಮನ್ ಕದರಯ್ಯ ಬೊಂಬು ಕಟ್ಟಿದ ಸಾರುವೆ ಹತ್ತಿ, ಮಿಷನ್ನನ್ನು ತಲೆಯ ಮೇಲಕ್ಕೆತ್ತಿ ಒತ್ತಿದ. ಅದು ಸುತ್ತಿತು. ಇನ್ನೂ ಒತ್ತಿದ. ಇನ್ನೂ ಸುತ್ತಿತು. ತಾರಸಿಯಲ್ಲಿ ನಾಕಾಣೆಯಷ್ಟು ಅಗಲದ ಜಾಗ ನುಣ್ಣಗೆ ಹೊಳೆಯತೊಡಗಿತು, ತೂತು ಮಾತ್ರ ಇಲ್ಲ. ಬಿಟ್ಟಿನ ಮೂತಿ ಕೆಂಪಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕಪ್ಪಾಯಿತು. ಮೂರು ಬಿಟ್ಟು ಸುಟ್ಟೆವು. ಮಧ್ಯಾಹ್ನದ ಹೊತ್ತಿಗೆ ಮಿಷನ್ನಿನ ಹೊಟ್ಟೆಯಿಂದ ಹೊಗೆ ಬಂತು.

"ಸಾರ್, ಇದು ಬಡಿಯಲ್ವಲ್ಲ ಸಾರ್" ಎಂದ ಕದರಯ್ಯ ಮೇಲಿನಿಂದ.

"ಮುಚ್ಕೊಂಡ್ ಇಳಿಯೋ. ಕಾಂಕ್ರೀಟ್ ಗಟ್ಟಿ ಐತೆ" ಎಂದೆ. ಈ ಮಾತು ಮೇಸ್ತ್ರಿಯ ಕಿವಿಗೆ ಬಿತ್ತು. ಎಂಥ ಮಿಷನ್ನೂ ತನ್ನ ಮೋಲ್ಡನ್ನು ಅಲುಗಿಸಲಾಗಲಿಲ್ಲ ಎಂದು ಅವನು ಸಂಜೆಯೊಳಗೆ ಕುಣಿಗಲ್ ಬಸ್‌ಸ್ಟ್ಯಾಂಡಿನ ತನಕ ಹೇಳಿಕೊಂಡು ಬಂದ. ಆ ಕೆಲಸದಲ್ಲಿ ಲಾಭವಾದದ್ದು ಅವನೊಬ್ಬನಿಗೇ.

ನಾನು ಸಾಬರ ಕಡೆ ತಿರುಗಿದೆ. "ನಡೀರಿ ಸಾಬ್ರೆ, ಇನ್ನೇನು ಮಾಡೋದು, ನಿಮ್ ಸುತ್ತಿಗೇನೇ ಗತಿ" ಎಂದೆ. ಒಳಗೊಳಗೆ ಸಿಟ್ಟು. ಮುದುಕನಿಗೆ ಕೊನೆಗೂ ಬೇಕಾದ್ದು ಸಿಕ್ಕಿತಲ್ಲ! ಅವರು ನನ್ನನ್ನು ನೋಡಿದರು, ಉಳಿ ತೆಗೆದುಕೊಂಡು ಸಾರುವೆ ಹತ್ತಿದರು. ಅವತ್ತು ಒಂದು ತೂತು ಆಯಿತು. ಮೊದಲಾದರೆ ದಿನಕ್ಕೆ ಏಳು ಎಂಟು ಕೊರೆಯುತ್ತಿದ್ದವರು. ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎಂದು ಅದಕ್ಕೂ ನನ್ನ ಹತ್ತಿರ ಕಾರಣ ಸಿದ್ಧವಾಗಿತ್ತು. ಮಾರನೆಯ ದಿನ ಒಂದೂವರೆ. ಅವತ್ತು ಸಂಜೆ ಅವರನ್ನು ಗದರಿಸಿದೆ.

ಅದರ ಮಾರನೆಯ ದಿನ ಹೊರಗಿನಿಂದಲೇ ಸುತ್ತಿಗೆಯ ಸದ್ದು ಜೋರಾಗಿ ಕೇಳಿತು. ಏಟಿನ ಮೇಲೆ ಏಟು. ನಾನು ಗದರಿಸಿದ್ದು ನಾಟಿತು ಎಂದು ಖುಷಿಯಾಗಿ ಒಳಗೆ ಕಾಲಿಟ್ಟೆ. ಸಾರುವೆಯ ಮೇಲೆ ಇಬ್ಬರಿದ್ದರು. ಸಾಬರು ಎಡಗೈಯಲ್ಲಿ ಉಳಿ ಹಿಡಿದು ತಿರುಗಿಸುತ್ತಿದ್ದರು. ಸೆರಗನ್ನು ತಲೆಯಿಂದ ಸುತ್ತಿ ಸೊಂಟಕ್ಕೆ ಬಿಗಿದುಕೊಂಡು ಸುತ್ತಿಗೆ ಬೀಸುತ್ತಿದ್ದವರು ರಹಿಮಾ ಬೀ. ಸಾಬರ ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು.

ನೋಡಿದ ಕೂಡಲೇ ಅರ್ಥವಾಯಿತು. ಆದರೆ ಬಾಯಿಂದ ಬಂದದ್ದು ಸೂಪರ್‌ವೈಸರನ ಮಾತು. "ಏನಮ್ಮಾ ಇದು? ಹೆಂಗಸರು ಸಾರುವೆ ಹತ್ತೋದುಂಟಾ? ಬಿದ್ರೆ ಯಾರು ಜವಾಬ್ದಾರಿ?"

ಆಕೆ ಸುತ್ತಿಗೆ ಕೆಳಗಿಳಿಸಿದರು. ಮುಖದ ತುಂಬ ಸಿಮೆಂಟು ಪುಡಿ. "ನೀವೇ ಬಂದು ಹೊಡೀರಿ ಅಣ್ಣಾ. ಇವರ ಕೈಯಾಗೆ ಆಗಲ್ಲ. ಒಂದು ವರ್ಷ ಆಯ್ತು, ಅನ್ನ ಕಲಿಸೋದೂ ನಾನೇ. ಮಿಷನ್ ಬರ್ತದೆ, ನನ್ ಕಷ್ಟ ಮುಗೀತು ಅಂತ ಆ ಬೆಳಗ್ಗೆ ನಮಾಜ್ ಮಾಡಿ ಬಸ್ ಹತ್ತಿದ್ರು. ಹಿಂದಿನ ದಿನವೇ ಕಾಂಕ್ರೀಟ್ ತುಂಡು ಹುಡುಕಿ ತಂದು ತೊಳೆದಿಟ್ಟಿದ್ರು. ನೀವು ಯಾಕಣ್ಣಾ ಇವರ ಮಾತು ಕೇಳಲಿಲ್ಲ?"

"ಸುಮ್ನಿರು ರಹಿಮಾ" ಎಂದರು ಸಾಬರು.

ನಿನ್ನ ಗಂಡ ಕಳ್ಳ ಎಂದುಕೊಂಡೆ ತಾಯಿ ಎನ್ನಲೆ? ಹೊರಗೆ ಹೋಗಿ ಮರಳಿನ ರಾಶಿಯ ಮೇಲೆ ಕೂತೆ. ಒಬ್ಬ ಮನುಷ್ಯ ಕೈಮುಗಿದು ನಿಜ ಹೇಳಿದ, ಕಲ್ಲು ಇಟ್ಟು ತೋರಿಸಿದ, ಅದಷ್ಟನ್ನೂ ನಾನು ಅವನ ಮೋಸಕ್ಕೆ ಸಾಕ್ಷಿ ಮಾಡಿಕೊಂಡೆ. ಕೆಂಪಯ್ಯನವರು ಬಂದ ತಕ್ಷಣ ಎಲ್ಲ ಹೇಳಿಬಿಡುವುದು, ಬೂದು ಮಿಷನ್ನು ತರಿಸಿ ಸಾಬರ ಕೈಗೇ ಕೊಡಿಸುವುದು ಎಂದು ತೀರ್ಮಾನ ಮಾಡಿದೆ. ದೇವರಾಣೆಗೂ ಮಾಡಿದೆ.

ಕೆಂಪಯ್ಯನವರು ಮರುದಿನ ಬಂದರು. ಇನ್ನೂ ಒಂಬತ್ತೇ ತೂತು ಆಗಿದ್ದು ಕಂಡು ಕೂಗಾಡಿದರು. ಸುಟ್ಟ ಮಿಷನ್ನನ್ನು ಕಾಲಿನಿಂದ ಒತ್ತಿ ಕೇಳಿದರು: "ಈ ದರಿದ್ರಾನ ಯಾರಯ್ಯಾ ಆರಿಸಿದ್ದು?"

ಸಾಬರು ಅಲ್ಲೇ ಸಾರುವೆಯ ಕಾಲು ಹಿಡಿದು ನಿಂತಿದ್ದರು. ನಾನು ಶುರು ಮಾಡಿದೆ. "ಸಾಬ್ರನ್ನ ಕರ್ಕೊಂಡ್ ಹೋಗಿದ್ದೆ ಸಾರ್..."

ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ, ತಪ್ಪು ನನ್ನದು ಎಂಬುದು ಎರಡನೆಯ ವಾಕ್ಯ. ಅದು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಕೆಂಪಯ್ಯನವರು ತೊಡೆ ತಟ್ಟಿದರು.

"ನಂಗೊತ್ತಿತ್ತು! ಮಿಷನ್ ಬಂದ್ರೆ ತನ್ ಕೆಲ್ಸ ಹೋಗ್ತದೆ ಅಂತ ಬೇಕಂತ್ಲೇ ಕೆಟ್ಟಿದ್ದನ್ನ ಆರಿಸವ್ನೆ ಕಣಯ್ಯ. ನಂದೇ ತಪ್ಪು, ಇವನನ್ನ ಕರ್ಕೊಂಡ್ ಹೋಗು ಅಂದೆ ನೋಡು. ಏನ್ ಸಾಬ್ರೆ, ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದಾ?"

ಸಾಬರು ಅವರನ್ನು ಬಿಟ್ಟು ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ, ಎರಡನೆಯ ವಾಕ್ಯ ಒಂದಿದೆ ಎಂದು ಅವರಿಗೂ ಗೊತ್ತಿತ್ತು, ಅದಕ್ಕಾಗಿ ಕಾದರು. ಆ ವಾಕ್ಯವನ್ನು ನಾನು ನುಂಗಿಬಿಟ್ಟೆ. ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾಬರು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದರು.

"ಈ ಸಲ ಯಾರನ್ನೂ ಕರ್ಕೊಂಡ್ ಹೋಗ್ಬೇಡ, ನೀನೇ ಆರಿಸು" ಎಂದರು ಕೆಂಪಯ್ಯನವರು. ಮಂಡಿಪೇಟೆಗೆ ಹೋಗಿ ಬೂದು ಮಿಷನ್ನನ್ನು ಬೆರಳಿಟ್ಟು ತೋರಿಸಿದೆ, ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದು ಬಡಿಯುತ್ತಲೂ ತಿರುಗುತ್ತಲೂ ಇರುತ್ತದೆ, ಜಲ್ಲಿ ಬಡಿಯದೆ ಒಡೆಯುವುದಿಲ್ಲ ಎಂದು ನಾನು ವಿವರಿಸಿದಾಗ ಕೆಂಪಯ್ಯನವರು ಬೆರಗಾದರು. "ನೋಡ್ರಯ್ಯ, ನಮ್ ರಂಗಯ್ಯನ ತಲೆ!" ಎಂದು ಕಮಿಟಿಯವರಿಗೆ ಹೇಳಿದರು. ಅದನ್ನು ಓಡಿಸುವ ಕೆಲಸವನ್ನೂ ನನಗೇ ವಹಿಸಿದರು.

ಓಡಿಸುವುದು ನನಗೆಲ್ಲಿ ಬರಬೇಕು? ಸಾರುವೆ ಹತ್ತಿ ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಮಿಷನ್ನು ಒದ್ದುಕೊಂಡು ಆ ಕಡೆ ಈ ಕಡೆ ಜಾರಿತು, ತಾರಸಿಯ ತುಂಬ ಗೀಚು. ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಕೆಂಪಯ್ಯನವರು ಪೇಪರು ಓದುತ್ತಿದ್ದರು.

"ಒತ್ತಬ್ಯಾಡಿ ಸ್ವಾಮಿ. ಅದನ್ನ ಅದರ ಪಾಡಿಗೆ ಬಿಡಿ, ಅದೇ ಹೋಗ್ತದೆ."

ನೋಡಿದರೆ ಸಾಬರು. ಸಾರುವೆಯ ಮೇಲೆ ಬಿಟ್ಟುಹೋಗಿದ್ದ ಉಳಿ ಸುತ್ತಿಗೆ ತೆಗೆದುಕೊಳ್ಳಲು ಹತ್ತಿ ಬಂದಿದ್ದರು. ಎಡಗೈಯನ್ನು ನನ್ನ ಕೈಯ ಮೇಲಿಟ್ಟು, ಮಿಷನ್ನನ್ನು ನೆಟ್ಟಗೆ ಮಾಡಿದರು. ಆಮೇಲೆ ತುಂಬ ಮೆಲ್ಲಗೆ, "ಒಂದ್ ತೂತು ನಾನು ಹಾಕ್ಲಾ?" ಎಂದರು.

ಭಾರ ನಾನು ಹೊತ್ತೆ, ಗುಂಡಿ ಅವರು ಒತ್ತಿದರು. ಗಡಗಡ ಸದ್ದಿಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ಪುಡಿ ಗಡ್ಡದ ಮೇಲೆಲ್ಲ ಉದುರಿತು. ಒಂದು ನಿಮಿಷ, ಇಲ್ಲ, ಅಷ್ಟೂ ಇಲ್ಲ. ತೂತು ಮುಗಿಯಿತು. ಅವರು ಒಳಗೆ ಬೆರಳು ಹಾಕಿ ನೋಡಿ, "ಚೆನ್ನಾಗ್ ಐತೆ ಸ್ವಾಮಿ. ಒಳ್ಳೇ ಮಿಷನ್ನು" ಎಂದರು. ನನಗೆ ಅಳು ಉಕ್ಕಿ ಬಂತು.

ಸದ್ದು ನಿಂತದ್ದಕ್ಕೆ ಕೆಂಪಯ್ಯನವರು ಪೇಪರಿನಿಂದ ತಲೆ ಎತ್ತಿದರು. "ರಂಗಯ್ಯ, ಆ ಸಾಬ ಯಾಕೆ ಮೇಲ್ ಹತ್ತವ್ನೆ?"

ಸಾಬರು ನನ್ನ ಮುಖ ನೋಡುತ್ತಿದ್ದರು. ಕೆಳಗಿಳಿದು ಹತ್ತು ಹೆಜ್ಜೆ ಹೋಗಿ ಒಂದು ಮಾತು ಹೇಳಿದ್ದರೆ ಆ ಮಿಷನ್ನು ಅವರ ಕೈಗೆ ಬರುತ್ತಿತ್ತು.

"ಅವರ ಉಳಿ ತಗೊಂಡ್ ಹೋಗೋಕ್ ಬಂದವ್ರೆ ಸಾರ್" ಎಂದೆ.

ಇದೂ ನಿಜವೇ. ಸಾಬರು ತಲೆಯಾಡಿಸಿ, ಉಳಿಯನ್ನು ಕಂಕುಳಿಗೆ ಸಿಕ್ಕಿಸಿ, ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿದು ಇಳಿದು ಹೋದರು. ಇನ್ನೂ ಇಪ್ಪತ್ತೆರಡು ತೂತು ಉಳಿದಿದ್ದವು. ಒತ್ತದೆ ಅದರ ಪಾಡಿಗೆ ಬಿಟ್ಟೆ, ಸಂಜೆಯೊಳಗೆ ಎಲ್ಲ ಮುಗಿಯಿತು.